ಆಪತ್ಕಾಲದ ರೋಗಿಪರೀಕ್ಷೆ: ಒಂದು ಕ್ರಮವಿಚಾರ

ವ್ಯಾಕರಣಶಾಸ್ತ್ರವನ್ನು ಓದಿದವರಿಗೆ ಉತ್ಸರ್ಗ, ಅಪವಾದ ಎಂಬೆರಡು ಶಬ್ದಗಳು ಅಪರಿಚಿತವಲ್ಲ. ಎಲ್ಲೆಡೆಗೂ ಸಲ್ಲುವ ಸಾಮಾನ್ಯವಿಧಿ ಉತ್ಸರ್ಗ. ಒಂದೆಡೆಯಲ್ಲಿ ಅದನ್ನು ಬಾಧಿಸಿ ನಿಲ್ಲುವ ವಿಶೇಷವಿಧಿ ಅಪವಾದ. ಸೂತ್ರಗಳೆಲ್ಲವೂ ಕಂಠಸ್ಥವಾಗಿದ್ದರೂ ಯಾವುದು ಮೊದಲು ಪ್ರವರ್ತಿಸುತ್ತದೆ, ಯಾವುದು ಅನಂತರ ಎಂಬುದನ್ನು ಅರಿಯದವನು ಒಂದು ರೂಪವನ್ನೂ ಸಾಧಿಸಲಾರನು. ಅಪಘಾತಕ್ಕೀಡಾದವರನ್ನೂ ಹಠಾತ್ತನೆ ಕುಸಿದವರನ್ನೂ ಆಸ್ಪತ್ರೆಗೆ ಮುಟ್ಟಿಸುವ ಮುನ್ನ ಪರೀಕ್ಷಿಸಿ ಉಪಚರಿಸುವ ವಿದ್ಯೆಯೂ ಇಂಥದೇ. ಆಂಬುಲೆನ್ಸಿನಲ್ಲಿ ಬರುವ ತುರ್ತು ವೈದ್ಯಕೀಯ ತಂತ್ರಜ್ಞನ ಕೈಯಲ್ಲಿ ಔಷಧಗಳು ಕೆಲವೇ, ಉಪಕರಣಗಳೂ ಕೆಲವೇ. ಕ್ರಮವೊಂದೇ ಅವನ ದೊಡ್ಡ ಬಂಡವಾಳ. ಆ ವಾಹನವು ಬರುವುದಕ್ಕೆ ಮೊದಲಿನ ಹತ್ತಿಪ್ಪತ್ತು ನಿಮಿಷಗಳಲ್ಲಿ ರೋಗಿಯ ಬಳಿ ಇರುವವರು ಶಾಲೆಯ ಉಪಾಧ್ಯಾಯರೋ, ವಸತಿನಿಲಯದ ಮೇಲ್ವಿಚಾರಕರೋ, ದಾರಿಹೋಕರೋ ಆಗಿರುವುದರಿಂದ ಈ ಕ್ರಮವು ತಂತ್ರಜ್ಞರಿಗೆ ಮಾತ್ರ ಮೀಸಲಾದುದೆಂದು ಬಿಟ್ಟುಬಿಡುವಂತಿಲ್ಲ.

ವಾಚಕರು ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಹೆದ್ದಾರಿಯ ತಿರುವಿನಲ್ಲಿ ಟೆಂಪೋ ಒಂದು ಮಗುಚಿದೆ. ಒಬ್ಬನು ಕಾಲು ಮುರಿದುಕೊಂಡು ಮುಗಿಲು ಮುಟ್ಟುವಂತೆ ಕೂಗುತ್ತಿದ್ದಾನೆ. ಒಬ್ಬ ಹೆಣ್ಣುಮಗಳ ಹಣೆಯ ಚರ್ಮ ಹರಿದು ಮುಖವೆಲ್ಲ ಕೆಂಪಾಗಿದೆ. ಮೂರನೆಯವನು ಹುಣಿಸೆಯ ಮರದ ಬುಡದಲ್ಲಿ ಅಂಗಾತ ಬಿದ್ದಿದ್ದಾನೆ. ಮೈಮೇಲೆ ಗಾಯವೊಂದೂ ಕಾಣದು. ನೆರೆದ ಜನರು ಮೊದಲು ಓಡುವುದು ಕೂಗುವವನ ಬಳಿಗೆ, ಆಮೇಲೆ ರಕ್ತ ಕಾಣುವ ಕಡೆಗೆ. ಮಲಗಿದವನನ್ನು ಕುರಿತು, ಪಾಪ, ಗಾಬರಿಯಿಂದ ಎಚ್ಚರ ತಪ್ಪಿರಬೇಕು ಎನ್ನುವರು. ಈ ಕ್ರಮವು ಸಂಪೂರ್ಣ ತಲೆಕೆಳಗು. ಕೂಗುವವನು ಕೂಗುತ್ತಿದ್ದಾನೆಂದರೆ ಅವನ ಉಸಿರಿನ ದಾರಿ ತೆರೆದಿದೆ, ಎದೆಗೂಡು ಆಡುತ್ತಿದೆ, ಮಿದುಳಿಗೆ ರಕ್ತ ಹರಿಯುತ್ತಿದೆ ಎಂದೇ ಅರ್ಥ. ನೆತ್ತಿಯಲ್ಲಿಯೂ ಹಣೆಯಲ್ಲಿಯೂ ರಕ್ತನಾಳಗಳು ದಟ್ಟವಾಗಿರುವುದರಿಂದ ಅಲ್ಲಿನ ಗಾಯವು ನೋಡುವುದಕ್ಕೆ ಭಯಂಕರವಾದರೂ ಚೊಕ್ಕಟವಾದ ಬಟ್ಟೆಯಿಂದ ಒತ್ತಿ ಹಿಡಿದರೆ ಸಾಮಾನ್ಯವಾಗಿ ರಕ್ತ ನಿಲ್ಲುತ್ತದೆ. ಮೌನವಾಗಿರುವವನ ಸ್ಥಿತಿ ಬೇರೆ. ಪ್ರಜ್ಞೆ ತಪ್ಪಿದಾಗ ದವಡೆಯ ಸ್ನಾಯುಗಳು ಸಡಿಲಗೊಂಡು ನಾಲಿಗೆಯ ಬುಡವು ಹಿಂದಕ್ಕೆ ಜಾರಿ ಗಂಟಲನ್ನು ಮುಚ್ಚುತ್ತದೆ. ಪ್ರಾಣವಾಯುವಿಲ್ಲದೆ ಮಿದುಳು ನಾಲ್ಕೈದು ನಿಮಿಷಗಳಲ್ಲಿ ಕೆಡತೊಡಗುತ್ತದೆ. ಸಾವು ಅಲ್ಲಿ ಸದ್ದಿಲ್ಲದೆ ನಡೆಯುತ್ತಿರುತ್ತದೆ.

ಆದುದರಿಂದಲೇ ಉಸಿರಿನ ದಾರಿ, ಉಸಿರು, ರಕ್ತಸಂಚಾರ ಎಂಬ ಆನುಪೂರ್ವಿಯನ್ನು ಈ ಶಾಸ್ತ್ರದ ಉತ್ಸರ್ಗವೆಂದು ಇಟ್ಟುಕೊಂಡಿದ್ದಾರೆ. ಇವೆಲ್ಲಕ್ಕಿಂತ ಮೊದಲು ಒಂದು ನೋಟವಿದೆ. ಅದು ರೋಗಿಯ ಮೇಲಲ್ಲ, ಸ್ಥಳದ ಮೇಲೆ. ಹರಿದು ಬಿದ್ದ ವಿದ್ಯುತ್ತಿನ ತಂತಿ, ಸೋರುತ್ತಿರುವ ಪೆಟ್ರೋಲು, ವೇಗವಾಗಿ ಬರುತ್ತಿರುವ ಲಾರಿ ಇವುಗಳನ್ನು ಗಮನಿಸದೆ ನುಗ್ಗಿದವನು ತಾನೇ ಎರಡನೆಯ ರೋಗಿಯಾಗುವನು. ಉತ್ತರ ಕರ್ನಾಟಕದ ಹಿರಿಯರಿಗೆ ಹಗೇವಿನ ಅನುಭವ ಗೊತ್ತು. ಬಹುಕಾಲ ಮುಚ್ಚಿದ್ದ ಕಾಳಿನ ಹಗೇವಿನಲ್ಲಿ ಪ್ರಾಣವಾಯು ಕ್ಷೀಣಿಸಿ ಇಂಗಾಲಾಮ್ಲ ತುಂಬಿರುತ್ತದೆ. ಇಳಿದವನು ಕುಸಿದನೆಂದು ಅವನನ್ನು ಎತ್ತಲು ಅವನ ತಮ್ಮನು ಇಳಿದರೆ ಇಬ್ಬರೂ ಉಳಿಯರು. ಪಾಳುಬಾವಿಗೂ ಮಲಗುಂಡಿಗೂ ಇದೇ ಮಾತು ಸಲ್ಲುತ್ತದೆ. ಅಲ್ಲಿ ಧೈರ್ಯವೆನ್ನುವುದು ಅಜ್ಞಾನದ ಇನ್ನೊಂದು ಹೆಸರು.

ಸ್ಥಳವು ಕ್ಷೇಮವೆಂದು ಕಂಡ ಮೇಲೆ ರೋಗಿಯ ಭುಜವನ್ನು ತಟ್ಟಿ ಗಟ್ಟಿಯಾಗಿ ಕರೆಯಬೇಕು. ತಾನಾಗಿಯೇ ಎಚ್ಚರದಿಂದಿರುವನೋ, ಕರೆದರೆ ಓಗೊಡುವನೋ, ನೋವಿಗೆ ಮಾತ್ರ ಮಿಸುಕುವನೋ, ಯಾವುದಕ್ಕೂ ಮಿಸುಕನೋ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಪ್ರಜ್ಞೆಯನ್ನು ಅಳೆಯುತ್ತಾರೆ. ಓಗೊಡದವನ ಹಣೆಯ ಮೇಲೆ ಒಂದು ಕೈಯಿಟ್ಟು, ಗದ್ದವನ್ನು ಇನ್ನೊಂದು ಕೈಯಿಂದ ಮೇಲೆತ್ತಿದರೆ ಹಿಂದೆ ಸರಿದ ನಾಲಿಗೆ ಮುಂದಕ್ಕೆ ಬರುತ್ತದೆ. ಎತ್ತರದಿಂದ ಬಿದ್ದು ಅಥವಾ ವಾಹನ ಬಡಿದು ಕತ್ತಿಗೆ ಪೆಟ್ಟಾಗಿರುವ ಶಂಕೆಯಿದ್ದರೆ ತಲೆಯನ್ನು ಹಿಂದಕ್ಕೆ ಬಾಗಿಸದೆ, ದವಡೆಯ ಎರಡು ಮೂಲೆಗಳನ್ನು ಬೆರಳಿನಿಂದ ಮುಂದಕ್ಕೆ ಒತ್ತುವುದನ್ನು ತಂತ್ರಜ್ಞರು ಕಲಿತಿರುತ್ತಾರೆ. ಇಂಥ ಗಾಯಾಳುವನ್ನು ಇಬ್ಬರು ಕೈಹಿಡಿದು, ಇಬ್ಬರು ಕಾಲುಹಿಡಿದು ಮೂಟೆಯಂತೆ ಆಟೋರಿಕ್ಷಾಕ್ಕೆ ತುಂಬುವುದನ್ನು ರಸ್ತೆಗಳಲ್ಲಿ ಇಂದಿಗೂ ಕಾಣುತ್ತೇವೆ. ಬದುಕಿ ಉಳಿದವನು ಮುಂದೆ ಜೀವಮಾನವೆಲ್ಲ ಏಳದಂತಾಗುವುದಕ್ಕೆ ಅಷ್ಟೇ ಸಾಕು.

ಇನ್ನು ಅಪವಾದ. ಕೈಕಾಲಿನ ದೊಡ್ಡ ನಾಳವು ಕತ್ತರಿಸಿ ರಕ್ತವು ಚಿಮ್ಮುತ್ತಿದ್ದರೆ ಮೇಲಿನ ಆನುಪೂರ್ವಿಯು ಹಿಂದೆ ಸರಿಯುತ್ತದೆ. ದೊಡ್ಡವರ ದೇಹದಲ್ಲಿರುವ ರಕ್ತವು ಸುಮಾರು 5 ಲೀಟರು ಮಾತ್ರ. ತೊಡೆಯ ಮುಖ್ಯನಾಳವು ಹರಿದರೆ ಕೆಲವೇ ನಿಮಿಷಗಳಲ್ಲಿ ಅದು ಬರಿದಾದೀತು. ಅಲ್ಲಿ ಮೊದಲ ಕೆಲಸ ಅಂಗೈಯನ್ನು ಊರಿ ಒತ್ತುವುದು, ಬಿಡದೆ ಒತ್ತುವುದು. ಬಟ್ಟೆ ನೆನೆದರೆ ತೆಗೆದು ಇಣುಕಿ ನೋಡಬಾರದು. ಅದರ ಮೇಲೆ ಇನ್ನೊಂದನ್ನಿಟ್ಟು ಇನ್ನೂ ಬಲವಾಗಿ ಒತ್ತಬೇಕು. ಅದಕ್ಕೂ ನಿಲ್ಲದಿದ್ದಾಗ ಗಾಯಕ್ಕಿಂತ ಮೇಲೆ ಅಗಲವಾದ ಪಟ್ಟಿಯನ್ನು ಕಟ್ಟಿ, ಕೋಲು ಸಿಕ್ಕಿಸಿ ತಿರುಚಿ ಬಿಗಿದು, ಬಿಗಿದ ವೇಳೆಯನ್ನು ತಪ್ಪದೆ ಬರೆದಿಡಬೇಕು.

ಹಾವು ಕಚ್ಚಿದೆಡೆಗೂ ಇದೇ ಕಟ್ಟನ್ನು ಹಾಕುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಅದು ತಪ್ಪು. 14ನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ'ವು ವಿಷವೈದ್ಯಕ್ಕೇ ಮೀಸಲಾದ ಕನ್ನಡ ಕೃತಿಯೆಂಬ ಹೆಮ್ಮೆ ಕನ್ನಡಿಗರಿಗೆ ಸಹಜ. ಕಾವ್ಯಕ್ಕಾಗಿಯೂ ಭಾಷೆಗಾಗಿಯೂ ಅದನ್ನು ಓದಬೇಕು. ಆದರೆ ಕಚ್ಚಿಸಿಕೊಂಡವನನ್ನು ಮುಂದಿಟ್ಟುಕೊಂಡು ಹಳೆಯ ಗ್ರಂಥವನ್ನು ತೆರೆಯುವುದು ವಿದ್ವತ್ತಲ್ಲ. ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಮೂರೂ ಹಾನಿಕರ. ಕಚ್ಚಿದ ಅಂಗವನ್ನು ಮುರಿದ ಮೂಳೆಯನ್ನು ಇಟ್ಟುಕೊಳ್ಳುವಂತೆ ಅಲುಗಿಸದೆ ಇಟ್ಟು, ನಡೆಸದೆ, ಪ್ರತಿವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯುವುದೊಂದೇ ಮಾರ್ಗ.

ಉಸಿರಿನ ವಿಚಾರದಲ್ಲಿ ಕನ್ನಡದ ಒಂದು ಶಬ್ದವು ಬಹಳ ಉಪಯೋಗಕ್ಕೆ ಬರುತ್ತದೆ. 'ಮೇಲುಸಿರು' ಎಂದು ಹಿರಿಯರು ಹೇಳುತ್ತಿದ್ದುದನ್ನು ಎಲ್ಲರೂ ಕೇಳಿದ್ದಾರೆ. ಸಂಸ್ಕೃತದಲ್ಲಿ ಅದು ಊರ್ಧ್ವಶ್ವಾಸ. ಹೃದಯವು ಹಠಾತ್ತನೆ ನಿಂತವನು ಕೆಲವು ಕ್ಷಣ, ಕೆಲವೊಮ್ಮೆ ಕೆಲವು ನಿಮಿಷ, ಬಾಯಿ ತೆರೆದು ಬಿಟ್ಟುಬಿಟ್ಟು ಗೊರಗುಟ್ಟುವಂತೆ ಉಸಿರನ್ನು ಎಳೆಯುವುದುಂಟು. ಸುತ್ತಲಿದ್ದವರು ಅದನ್ನು ಕಂಡು, ಉಸಿರಾಡುತ್ತಿದ್ದಾನೆ ಎಂದು ಸಮಾಧಾನಪಡುವರು. ಅದು ಉಸಿರಾಟವಲ್ಲ. ಕರೆದರೆ ಓಗೊಡದೆ, ಸಹಜವಾದ ಉಸಿರಾಟವೂ ಇಲ್ಲದಿದ್ದರೆ ಹೃದಯವು ನಿಂತಿದೆಯೆಂದೇ ತಿಳಿದು, 108ಕ್ಕೆ ಕರೆಮಾಡಿ ದೂರವಾಣಿಯನ್ನು ಪಕ್ಕದಲ್ಲಿಟ್ಟು, ಎದೆಯ ನಡುವಿನ ಮೂಳೆಯ ಕೆಳಭಾಗದಲ್ಲಿ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ಮೊಣಕೈ ಬಾಗಿಸದೆ 5ರಿಂದ 6 ಸೆಂಟಿಮೀಟರಿನಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತತೊಡಗಬೇಕು. ಪ್ರತಿಸಲವೂ ಎದೆಯು ಪೂರ್ತಿ ಮೇಲೇಳಲು ಬಿಡಬೇಕು. ತರಬೇತಿ ಪಡೆದವರು 30 ಒತ್ತುಗಳಿಗೆ 2 ಉಸಿರುಗಳನ್ನು ಕೊಡುವರು. ಪಡೆಯದವರು ಒತ್ತುತ್ತಲೇ ಇದ್ದರೂ ಸಾಕು. ಕೈ ಸೋತರೆ ಇನ್ನೊಬ್ಬರು ಮುಂದುವರಿಸಬೇಕು. ಒತ್ತುವವರಿಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆಯು ನೂರಕ್ಕೆ 7ರಿಂದ 10ರಷ್ಟು ಕುಗ್ಗುವುದೆಂದು ಲೆಕ್ಕವಿದೆ. ಹೃದಯದ ಕಂಪನವನ್ನು ತಾನೇ ಪರೀಕ್ಷಿಸಿ, ವಿದ್ಯುದಾಘಾತ ಬೇಕೋ ಬೇಡವೋ ಎಂಬುದನ್ನು ಮಾತಿನಲ್ಲಿಯೇ ಹೇಳುವ ಚಿಕ್ಕ ಪೆಟ್ಟಿಗೆಯಂಥ ಯಂತ್ರವು ಈಗ ಬಂದಿದೆ. ಶಾಲೆಗಳಿಗೆ ಗಡಿಯಾರ, ಬೀರು, ಫ್ಯಾನುಗಳನ್ನು ಕೊಡುವ ದಾನಿಗಳಿಗೆ ಈ ಯಂತ್ರದ ನೆನಪೂ ಇರುವುದು ಒಳಿತು.

ಎದೆ ಒತ್ತುವ ಈ ವಿಧಾನವನ್ನು 1960ರಲ್ಲಿ ಪ್ರಕಟಪಡಿಸಿದ ಮೂವರಲ್ಲಿ ಒಬ್ಬರಾದ ಕೌವೆನ್‌ಹೋವೆನ್ ವೈದ್ಯರಲ್ಲ, ವಿದ್ಯುತ್ತಿನ ಎಂಜಿನಿಯರು. ಗದ್ದವೆತ್ತಿ ಉಸಿರು ಕೊಡುವ ಕ್ರಮವನ್ನು 1950ರ ದಶಕದಲ್ಲಿ ಪ್ರಯೋಗದಿಂದ ಸಿದ್ಧಪಡಿಸಿದವರು ಪೀಟರ್ ಸಫಾರ್. ಆ ಕಾಲದ ಅಮೆರಿಕದಲ್ಲಿಯೂ ಅನೇಕ ಊರುಗಳಲ್ಲಿ ರೋಗಿಗಳನ್ನು ಒಯ್ಯುತ್ತಿದ್ದುದು ಶವಸಂಸ್ಕಾರದ ಸಂಸ್ಥೆಗಳ ಬಂಡಿಗಳಲ್ಲಿ. ಮಲಗಿಸಿ ಒಯ್ಯಲು ಉದ್ದವಾದ ವಾಹನವಿದ್ದುದು ಅವರಲ್ಲಿ ಎಂಬುದೇ ಕಾರಣ. 1967ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಫ್ರೀಡಂ ಹೌಸ್ ಎಂಬ ಸೇವೆ ಹುಟ್ಟಿತು. ಉದ್ಯೋಗವಿಲ್ಲದೆ ಇದ್ದ ಕಪ್ಪುಜನಾಂಗದ ಯುವಕರನ್ನು ಆರಿಸಿ, ಸಫಾರರ ಮಾರ್ಗದರ್ಶನದಲ್ಲಿ ಕಠಿನವಾದ ಶಿಕ್ಷಣವನ್ನು ಕೊಟ್ಟು ಆಂಬುಲೆನ್ಸಿನಲ್ಲಿ ಕಳುಹಿಸಲಾಯಿತು. ಯಾರನ್ನು ಸಮಾಜವು ಕೆಲಸಕ್ಕೆ ಬಾರದವರೆಂದು ಬದಿಗಿಟ್ಟಿತ್ತೋ ಅವರೇ ಆ ದೇಶಕ್ಕೆ ಈ ವಿದ್ಯೆಯ ಮಾದರಿಯಾದರು. 1975ರಲ್ಲಿ ನಗರವು ಆ ಸೇವೆಯನ್ನು ಮುಚ್ಚಿತು. ಭಾರತದಲ್ಲಿ 108ರ ವ್ಯವಸ್ಥೆ 2005ರಲ್ಲಿ ಆಂಧ್ರಪ್ರದೇಶದಲ್ಲಿ ಆರಂಭವಾಗಿ, 2008ರಲ್ಲಿ 'ಆರೋಗ್ಯ ಕವಚ' ಎಂಬ ಹೆಸರಿನಿಂದ ಕರ್ನಾಟಕಕ್ಕೆ ಬಂದಿತು. ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳುವ ಚರಕಸಂಹಿತೆಯು ಪರಿಚಾರಕನಿಗೆ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶುಚಿತ್ವ ಎಂಬ ಗುಣಗಳನ್ನು ವಿಧಿಸಿದೆ. ವಾಹನದ ಹಿಂಭಾಗದಲ್ಲಿ ಕುಳಿತ ತಂತ್ರಜ್ಞನಿಗೂ ಇದಕ್ಕಿಂತ ಬೇರೆ ಅರ್ಹತಾಪತ್ರ ಬೇಕೆಂದು ತೋರುವುದಿಲ್ಲ.

ಕರುಣೆಯಿಂದಲೇ ಆಗುವ ಒಂದು ಅನರ್ಥವನ್ನು ಇಲ್ಲಿ ಬಿಡಿಸಿ ಹೇಳಬೇಕು. ಬಿದ್ದವರ ಬಾಯಿಗೆ ನೀರು ಬಿಡುವುದು, ಸೋಡಾ ಕುಡಿಸುವುದು ನಮ್ಮವರ ಮೊದಲ ಉಪಚಾರ. ಬಾಯಾರಿದವನಿಗೆ ನೀರು ಕೊಡದಿರುವುದು ಪಾಪವೆಂಬ ಸಂಸ್ಕಾರ ಅದರ ಹಿಂದಿದೆ, ಸಂಸ್ಕಾರ ದೊಡ್ಡದೇ. ಆದರೆ ಪ್ರಜ್ಞೆ ತಪ್ಪಿದವನಿಗೆ ನುಂಗುವ ಶಕ್ತಿಯಿರುವುದಿಲ್ಲ. ಬಿಟ್ಟ ನೀರು ಅನ್ನನಾಳವನ್ನು ಬಿಟ್ಟು ಶ್ವಾಸನಾಳಕ್ಕಿಳಿಯುತ್ತದೆ. ಉಸಿರಾಡುತ್ತಿದ್ದು ಪ್ರಜ್ಞೆಯಿಲ್ಲದವನನ್ನು ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿದರೆ ಬಾಯೊಳಗಿನ ಜೊಲ್ಲು, ವಾಂತಿ ಹೊರಕ್ಕೆ ಹರಿದುಹೋಗುತ್ತವೆ. ಅವನಿಗೆ ಬೇಕಾದ ಕರುಣೆ ಅದು. ಮೂರ್ಛೆರೋಗದವನ ಕೈಗೆ ಕಬ್ಬಿಣ ಕೊಡುವುದು, ಹಲ್ಲುಗಳ ನಡುವೆ ಚಮಚ ತುರುಕುವುದು ಇವೂ ಬೇಡ. ತಲೆಗೆ ಪೆಟ್ಟಾಗದಂತೆ ಮೆತ್ತಗಿನದನ್ನಿಟ್ಟು, ಎಷ್ಟು ನಿಮಿಷ ನಡುಗಿದನೆಂದು ಗಡಿಯಾರ ನೋಡಿದರೆ ಸಾಕು. ಇದಕ್ಕೂ ಒಂದು ಅಪವಾದವುಂಟು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವನು ಹೊತ್ತಿಗೆ ಉಣ್ಣದೆ ಬೆವರಿ, ನಡುಗಿ, ತಡವರಿಸಿ ಮಾತನಾಡುತ್ತಿದ್ದರೆ, ಎಚ್ಚರವಿದ್ದು ನುಂಗಬಲ್ಲವನಾದರೆ, ಸಕ್ಕರೆಯ ನೀರು ಅವನಿಗೆ ಅಮೃತವೇ.

ಪರೀಕ್ಷೆಯ ಎರಡನೆಯ ಭಾಗವು ಪ್ರಶ್ನೆಗಳದು. ಏನಾಗುತ್ತಿದೆ, ಯಾವ ಔಷಧ ಒಗ್ಗುವುದಿಲ್ಲ, ಯಾವುದನ್ನು ಸೇವಿಸುತ್ತಿದ್ದಾರೆ, ಹಿಂದೆ ಯಾವ ಕಾಯಿಲೆಯಿತ್ತು, ಕಡೆಯದಾಗಿ ಉಂಡದ್ದು ಯಾವಾಗ, ಇದು ಆರಂಭವಾದಾಗ ಏನು ಮಾಡುತ್ತಿದ್ದರು ಎಂಬಿಷ್ಟನ್ನು ತಂತ್ರಜ್ಞನು ಕೇಳಿ ತಿಳಿಯುವನು. ಇಲ್ಲಿ ವೈದ್ಯಜ್ಞಾನದಷ್ಟೇ ಭಾಷಾಜ್ಞಾನವೂ ಬೇಕು. 'ಸಂಕಟ' ಎಂಬ ಒಂದೇ ಶಬ್ದವನ್ನು ಕನ್ನಡಿಗರು ಹೊಟ್ಟೆ ತೊಳಸುವುದಕ್ಕೂ ಎದೆ ಹಿಂಡುವುದಕ್ಕೂ ಮನಸ್ಸಿನ ದುಃಖಕ್ಕೂ ಹೇಳುವರು. ಹೃದಯಾಘಾತವಾದ ಅನೇಕರು ಅದನ್ನು 'ವಾಯು' ಎಂದೋ 'ಗ್ಯಾಸು' ಎಂದೋ ಹೇಳಿ ಓಮಿನ ಕಾಳು ಅಗಿಯುತ್ತ ಕುಳಿತಿರುವರು. ಎದೆ ನೋವೇ ಎಂದು ಕೇಳಿದರೆ 'ನೋವಿಲ್ಲ' ಎನ್ನುವ ಮುದುಕನ ಮಾತು ಸುಳ್ಳಲ್ಲ. ಅವನಿಗಾಗುತ್ತಿರುವುದು ನೋವಲ್ಲ, ಭಾರ. ಆದುದರಿಂದ ಉತ್ತರವನ್ನು ಪ್ರಶ್ನೆಯಲ್ಲಿಯೇ ಇಡದೆ, "ಅಜ್ಜಾ, ಏನಾಗಲಿಕ್ಕೆ ಹತ್ತಿದೆ, ನೀವೇ ಹೇಳಿರಿ" ಎಂದು ಕೇಳಿ ಸುಮ್ಮನಿರಬೇಕು. ತಣ್ಣನೆಯ ಬೆವರು, ಎಡತೋಳಿಗೋ ದವಡೆಗೋ ಹರಡುವ ಬಿಗಿತ, ಏದುಸಿರು ಇವು ಮಾತಿಗಿಂತ ಹೆಚ್ಚು ಹೇಳುತ್ತವೆ. ಹೆಂಗಸರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ಬರೀ ಸುಸ್ತು, ಉಬ್ಬಸ, ವಾಕರಿಕೆ ಮಾತ್ರ ಕಂಡು ಹೃದಯಾಘಾತ ಅಡಗಿರಬಹುದು. ಮನೆಗೆಲಸವೆಲ್ಲ ಮುಗಿಯಲಿ ಎಂದು ಕಾಯುವ ತಾಯಂದಿರ ವಿಷಯದಲ್ಲಿ ಮನೆಯವರೇ ಎಚ್ಚರ ವಹಿಸಬೇಕು.

ನಾಡಿ, ಉಸಿರು, ರಕ್ತದೊತ್ತಡಗಳನ್ನು ಒಂದು ಸಲ ಎಣಿಸಿ ಬರೆದರೆ ಕೆಲಸ ಮುಗಿಯದು. ವಿಶ್ರಾಂತಿಯಲ್ಲಿರುವ ದೊಡ್ಡವರ ನಾಡಿ ನಿಮಿಷಕ್ಕೆ 60ರಿಂದ 100, ಉಸಿರು 12ರಿಂದ 20. ಒಳಗೆ ರಕ್ತ ಸೋರುತ್ತಿರುವವನ ನಾಡಿ ಮೊದಲು 96 ಇದ್ದು, ಐದು ನಿಮಿಷದ ಮೇಲೆ 112, ಮತ್ತೆ ಐದು ನಿಮಿಷಕ್ಕೆ 128 ಆದರೆ, ರಕ್ತದೊತ್ತಡವು ಇನ್ನೂ ಇಳಿಯದಿದ್ದರೂ ಅವನು ಜಾರುತ್ತಿದ್ದಾನೆಂದು ತಿಳಿಯಬೇಕು. ಸ್ಥಿತಿ ಗಂಭೀರವಾಗಿದ್ದರೆ ಐದೈದು ನಿಮಿಷಕ್ಕೆ, ಇಲ್ಲದಿದ್ದರೆ ಹದಿನೈದು ನಿಮಿಷಕ್ಕೊಮ್ಮೆ ಎಣಿಸುವ ನಿಯಮವು ಇದಕ್ಕಾಗಿ.

ಪೊಲೀಸು, ಕೋರ್ಟು ಎಂಬ ಭಯದಿಂದ ದೂರ ನಿಲ್ಲುವವರು ಇನ್ನೂ ಇದ್ದಾರೆ. ಗಾಯಾಳುಗಳಿಗೆ ನೆರವಾದವರ ರಕ್ಷಣೆಯ ಮಾರ್ಗಸೂಚಿಗಳಿಗೆ ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಬಲ ಕೊಟ್ಟಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು 134ಎ ಎಂಬ ಕಲಮನ್ನು ಸೇರಿಸಿತು. ಸದ್ಭಾವನೆಯಿಂದ ನೆರವಾದವನು ಹೊಣೆಗಾರನಾಗುವುದಿಲ್ಲ. ಹೆಸರು ಹೇಳೆಂದು ಅವನನ್ನು ಒತ್ತಾಯಿಸುವಂತೆಯೂ ಇಲ್ಲ.

ಕೊನೆಯ ಕೆಲಸ ಒಪ್ಪಿಸುವುದು. ಆಸ್ಪತ್ರೆಯ ಬಾಗಿಲಲ್ಲಿ ತಂತ್ರಜ್ಞನು ವಯಸ್ಸು, ಘಟನೆ, ಕಂಡದ್ದು, ಮಾಡಿದ್ದು, ವೇಳೆ ಇವನ್ನು ಅರ್ಧ ನಿಮಿಷದಲ್ಲಿ ಹೇಳುವನು. ಲಕ್ವ ಹೊಡೆದವರ ವಿಷಯದಲ್ಲಿ ವೇಳೆಯ ಮಾತೇ ಮುಖ್ಯ. ಮುಖ ಸೊಟ್ಟಗಾಗಿದೆ, ಒಂದು ಕೈ ಮೇಲೇಳದು, ಮಾತು ತೊದಲುತ್ತಿದೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಯಾವಾಗ ಆಯಿತೆಂದು ವೈದ್ಯರು ಕೇಳಿದಾಗ, "ಬೆಳಿಗ್ಗೆ ಐದಕ್ಕೆ ಎದ್ದಾಗ ನೋಡಿದೆವು" ಎನ್ನುವರು ಮನೆಯವರು. ಲೆಕ್ಕವು ಐದರಿಂದ ಮೊದಲಾಗುವುದಿಲ್ಲ. ಅವರು ನೆಟ್ಟಗಿದ್ದುದನ್ನು ಕಡೆಯ ಸಲ ಕಂಡವರು ಯಾರು, ಯಾವ ಹೊತ್ತಿನಲ್ಲಿ ಎಂದು ಕೇಳಬೇಕು. ರಾತ್ರಿ ಎರಡಕ್ಕೆ ನೀರು ಕುಡಿಯಲು ಎದ್ದು ಸೊಸೆಯೊಡನೆ ಮಾತನಾಡಿದ್ದರೆಂದು ಮೊಮ್ಮಗನು ನೆನಪಿಸಿಕೊಂಡರೆ, ಆರೂವರೆಯವರೆಗೆ ಸಮಯವಿದೆ.