ಹೆಸರಿಲ್ಲದ ಆಟಗಾರ, ಬೆಲೆಯುಳ್ಳ ಕಾರ್ಡು

ಬೇಸ್‌ಬಾಲ್ ತಾರೆ ಮಿಕಿ ಮ್ಯಾಂಟಲ್‌ನ ಚಿತ್ರವಿರುವ, ಟಾಪ್ಸ್ ಕಂಪನಿಯ 1952ರ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಅದು ಕೋಟ್ಯಧಿಪತಿಗಳ ಆಟ. ಸಣ್ಣ ಜೇಬಿನವರಿಗೆ ಉಳಿದಿರುವುದು ಅಮೆರಿಕದ ಸಂಗ್ರಾಹಕರು ‘ಕಾಮನ್’ ಎಂದು ಬದಿಗೆ ಸರಿಸುವ ಕಾರ್ಡುಗಳು. ಇವುಗಳಿಗೆ ಬೆಲೆ ಕಟ್ಟುವುದು ಆಟಗಾರನ ಹೆಸರಲ್ಲ, ಕಾಗದ.

1. ಮೊದಲು ಸಂಖ್ಯೆ ನೋಡಿ. 1952ರ ಟಾಪ್ಸ್ ಸರಣಿಯಲ್ಲಿ 407 ಕಾರ್ಡುಗಳಿವೆ. 311ರಿಂದ ಮುಂದಿನವು ಅಂಗಡಿಗೆ ಬಂದದ್ದೇ ತಡವಾಗಿ. ಹುಡುಗರ ಬೇಸ್‌ಬಾಲ್ ಹುಚ್ಚು ಅಷ್ಟರಲ್ಲಿ ಇಳಿದಿತ್ತು. ವರ್ಷಗಟ್ಟಲೆ ಗೋದಾಮಿನಲ್ಲಿ ಕೂತಿದ್ದ ಪೆಟ್ಟಿಗೆಗಳನ್ನು ಕೊನೆಗೆ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದೆವೆಂದು ಟಾಪ್ಸ್‌ನ ಸೈ ಬರ್ಗರ್ ಅವರೇ ಹೇಳಿದ್ದರು. ಹಾಗಾಗಿ ಯಾರೂ ನೆನಪಿಡದ ಆಟಗಾರನಾದರೂ 311 ದಾಟಿದ್ದರೆ ದರ ಜಿಗಿಯುತ್ತದೆ.

2. ಕಟ್ಟಿನಲ್ಲಿ ಅದರ ಜಾಗ ಯಾವುದಿತ್ತು, ಯೋಚಿಸಿ. ಅದೇ ಸರಣಿಯ ಒಂದನೇ ನಂಬರು ಆಂಡಿ ಪಾಫ್ಕೊ. ಹುಡುಗರು ಕಾರ್ಡುಗಳನ್ನು ಕ್ರಮವಾಗಿ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು, ಮೇಲಿದ್ದು ಸವೆದದ್ದೆಲ್ಲ ಪಾಫ್ಕೊ. ಗಾಯವಿಲ್ಲದೆ ಉಳಿದು, ಕಾರ್ಡುಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ಪಿಎಸ್‌ಎ ಸಂಸ್ಥೆಯಿಂದ ಹತ್ತಕ್ಕೆ ಹತ್ತು ಪಡೆದ ಒಂದು ಪ್ರತಿ 1998ರಲ್ಲಿ 83 ಸಾವಿರ ಡಾಲರ್ ಮೀರಿತು!

3. ಮಗುಚಿ ನೋಡಿ. 1909ರಿಂದ 1911ರವರೆಗೆ ಸಿಗರೇಟ್ ಪ್ಯಾಕಿನಲ್ಲಿ ಬಂದ ಟಿ206 ಕಾರ್ಡುಗಳ ಬೆನ್ನಲ್ಲಿ ತಂಬಾಕಿನ ಜಾಹೀರಾತಿರುತ್ತದೆ. ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್ ರಾಶಿರಾಶಿ ಸಿಗುತ್ತವೆ. ಡ್ರಮ್, ಉಜಿಟ್, ಲೆನಾಕ್ಸ್ ಕಂಡರೆ ಮುಂದಿರುವ ಮುಖ ಯಾರದೆಂದು ಕೇಳಲೇಬೇಡಿ. ಅನುಭವಿಗಳು ಈ ಸರಣಿಯನ್ನು ಬೆನ್ನಿನಿಂದಲೇ ಓದುವುದು.

4. ಅತಿ ಚೂಪಾದ ಮೂಲೆ ಕಂಡರೆ ಅನುಮಾನಪಡಿ. ಸವೆದ ಅಂಚನ್ನು ಕತ್ತರಿಸಿ ಹೊಸದಾಗಿಸುವ ಚಾಳಿ ಹಳೆಯದು. ಅಳತೆಪಟ್ಟಿ ಜೊತೆಗಿರಲಿ: 1957ರಿಂದ ಟಾಪ್ಸ್ ಅಳತೆ ಎರಡೂವರೆಗೆ ಮೂರೂವರೆ ಇಂಚು, 1952ರಿಂದ 1956ರವರೆಗಿನವು ತುಸು ದೊಡ್ಡವು.

5. ನೇರಳಾತೀತ ದೀಪ ಕೊಳ್ಳಿ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಕಾಗದದಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರಲಿಲ್ಲ. 1910ರದ್ದೆಂದು ಕೈಗಿಟ್ಟ ಕಾರ್ಡು ದೀಪದಡಿ ನೀಲಿಯಾಗಿ ಹೊಳೆದರೆ ಅಂಗಡಿಯವನಿಗೆ ನಮಸ್ಕಾರ ಹೇಳಿ ಹೊರಡಿ.

6. ಕೇಳಿದ ಬೆಲೆ ಬೆಲೆಯಲ್ಲ. ಈಬೇಯಲ್ಲಿ ನಿಜಕ್ಕೂ ಮಾರಾಟವಾದವುಗಳ ಪಟ್ಟಿ ನೋಡಿ, ಅದೇ ದರ್ಜೆಯ ಕಾರ್ಡಿಗೇ ಹೋಲಿಸಿ. ಪರೀಕ್ಷೆಗೆ ಕಳಿಸುವ ಮುನ್ನ ಶುಲ್ಕದ ಲೆಕ್ಕ ಹಾಕಿ. ಮಡಿಕೆ ಬಿದ್ದ ಕಾಮನ್‌ಗೆ ಆ ಖರ್ಚು ದಂಡ.

7. 1980ರ ದಶಕದ ಕೊನೆಯ ಕಾರ್ಡುಗಳನ್ನು ಪ್ರೀತಿಯಿಂದ ಇಟ್ಟುಕೊಳ್ಳಿ, ಲಾಭಕ್ಕಲ್ಲ. ಅಚ್ಚಾದದ್ದು ಲೆಕ್ಕವಿಲ್ಲದಷ್ಟು.

8. ಕಾಗದವಷ್ಟೇ ಅಲ್ಲ, ಆಟಗಾರನ ಮೈದಾನದ ಹೊರಗಿನ ಬದುಕನ್ನೂ ಕೆದಕಿ. ಮೋ ಬರ್ಗ್ ಬ್ಯಾಟಿಂಗಿನಲ್ಲಿ ಸಾಧಾರಣ, ಬಹುಕಾಲ ಬೆಂಚಿನಲ್ಲಿದ್ದ ಕ್ಯಾಚರ್. ಮುಂದೆ ಅಮೆರಿಕದ ಗೂಢಚಾರನಾಗಿ 1944ರಲ್ಲಿ ಜ್ಯೂರಿಕ್‌ನಲ್ಲಿ ಭೌತವಿಜ್ಞಾನಿ ಹೈಸೆನ್‌ಬರ್ಗ್‌ನ ಉಪನ್ಯಾಸಕ್ಕೆ ಹೋಗಿ ಕೂತ. ಜರ್ಮನರ ಅಣುಬಾಂಬು ಹತ್ತಿರವಿದೆಯೆಂದು ಖಚಿತವಾದರೆ ಹೈಸೆನ್‌ಬರ್ಗ್‌ನನ್ನು ಹೊಡೆದುಹಾಕಬೇಕೆಂಬ ಆದೇಶ, ಜೇಬಿನಲ್ಲಿ ಪಿಸ್ತೂಲು. ಗೌಡಿ ಕಂಪನಿಯ 1933ರ ಸರಣಿಯಲ್ಲಿ ಬರ್ಗ್‌ನ ಕಾರ್ಡಿದೆ. ಅವನಿಗಿಂತ ಚೆನ್ನಾಗಿ ಆಡಿದ ಎಷ್ಟೋ ಮಂದಿ ಅದೇ ಸರಣಿಯಲ್ಲಿ ಅವನಿಗಿಂತ ಅಗ್ಗ.