ಪೆನ್ನು ಸೊಟ್ಟಗಾದರೆ ಮರವನ್ನು ದೂರಬೇಡಿ

ನೀವೇ ಕಡೆದ ಪೆನ್ನೊಂದನ್ನು ಕೈಗೆತ್ತಿಕೊಳ್ಳಿ. ಮರ ಮುಗಿದು ಲೋಹದ ಮೂತಿ ಶುರುವಾಗುವ ಜಾಗದಲ್ಲಿ ಹೆಬ್ಬೆರಳಿನ ಉಗುರನ್ನು ಸುತ್ತಲೂ ಆಡಿಸಿ. ಒಂದು ಬದಿಯಲ್ಲಿ ಉಗುರು ನುಣ್ಣಗೆ ಜಾರಿ, ಎದುರು ಬದಿಯಲ್ಲಿ ಟಕ್ಕೆಂದು ತಡೆದರೆ ಪೆನ್ನು ಗುಂಡಗಿಲ್ಲ ಎಂದೇ ಅರ್ಥ. ಹವ್ಯಾಸಕ್ಕೆಂದು ಮಿನಿ ಲೇತ್ ಕೊಂಡವರು ನನಗೆ ತಂದು ತೋರಿಸುವ ಮೊದಮೊದಲ ಪೆನ್ನುಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ‘ಮರ ಸರಿಯಿಲ್ಲ ಸಾರ್’ ಎನ್ನುತ್ತಾರೆ, ಇಲ್ಲವೇ ‘ಲೇತೇ ಅಲುಗಾಡುತ್ತೆ’ ಎನ್ನುತ್ತಾರೆ. ನಾನು ನೋಡಿದ ಮಟ್ಟಿಗೆ ತಪ್ಪು ಬಹುಪಾಲು ಇರುವುದು ಮ್ಯಾಂಡ್ರೆಲಿನ ಆಯ್ಕೆಯಲ್ಲಿ, ಅದನ್ನು ಬಿಗಿದ ರೀತಿಯಲ್ಲಿ.

ಮ್ಯಾಂಡ್ರೆಲ್ ಅಂದರೆ ಒಂದು ಉಕ್ಕಿನ ಸಲಾಕೆ. ಮರದ ತುಂಡಿಗೆ ತೂತು ಕೊರೆದು, ಹಿತ್ತಾಳೆ ಕೊಳವೆ ಅಂಟಿಸಿ, ತುಂಡನ್ನು ಸಲಾಕೆಗೆ ಪೋಣಿಸಿ, ಎರಡೂ ತುದಿಗೆ ಬುಷ್ ಎಂಬ ಉಕ್ಕಿನ ಬಳೆ ಹಾಕಿ, ನಟ್ ಬಿಗಿದು ಕಡೆಯುತ್ತೇವೆ. ಚನ್ನಪಟ್ಟಣದ ಆಟಿಕೆ ಕೆಲಸದವರಿಗೆ ಇದರ ಹಂಗಿಲ್ಲ. ಅವರು ಹಾಲೆಮರದ ತುಂಡನ್ನು ನೇರವಾಗಿ ಲೇತಿಗೇ ಕಚ್ಚಿಸಿ ಕಡೆದು, ಅರಗು ಹಚ್ಚಿ, ತಾಳೆಗರಿಯಲ್ಲಿ ಹೊಳಪು ತರುತ್ತಾರೆ. ಆದರೆ ಪೆನ್ನಿನ ತುಂಡು ಟೊಳ್ಳು. ಒಳಗಿನ ಕೊಳವೆಗೂ ಹೊರಮೈಗೂ ಒಂದೇ ನಡು ಇರಬೇಕು. 7 ಮಿ.ಮೀ. ಕಿಟ್ಟಿನ ಪೆನ್ನಿನಲ್ಲಿ ಬುಷ್ ಪಕ್ಕ ಕೊಳವೆಯ ಮೇಲೆ ಉಳಿಯುವ ಮರ ಒಂದು ಮಿಲಿಮೀಟರೂ ಇರುವುದಿಲ್ಲ. ಅಷ್ಟು ತೆಳುವಿನಲ್ಲಿ ಸಣ್ಣ ಸೊಟ್ಟವೂ ಉಗುರಿಗೆ ಸಿಗುತ್ತದೆ.

ಮ್ಯಾಂಡ್ರೆಲ್ ಕೊಳ್ಳುವ ಮೊದಲು, ಅದರ ಬುಡ ಕೂರುವ ಲೇತನ್ನು ಅಳೆಯಿರಿ. ಹೆಡ್‌ಸ್ಟಾಕಿನ ಸ್ಪಿಂಡಲ್ ತೂತಿನ ಬಾಯಿಗೆ ವರ್ನಿಯರ್ ಇಡಿ. ಸುಮಾರು 12 ಮಿ.ಮೀ. ಬಂದರೆ ಅದು ಮೋರ್ಸ್ ಟೇಪರ್ 1, ಹದಿನೆಂಟಕ್ಕೆ ತುಸು ಕಡಿಮೆ ಬಂದರೆ ಮೋರ್ಸ್ ಟೇಪರ್ 2. ವರ್ಕ್‌ಶಾಪಿನ ಹಳೆಯ ಲೇತ್ ಕೊಂಡವರಿಗೆ 24ರ ಹತ್ತಿರವೂ ಬರಬಹುದು, ಅದು ಟೇಪರ್ 3. ಸ್ಲೀವ್ ಹಾಕಿ ಇಳಿಸಿಕೊಳ್ಳಬೇಕು. ಟೇಲ್‌ಸ್ಟಾಕನ್ನೂ ಬೇರೆಯಾಗಿ ಅಳೆಯಿರಿ.

ಆಮೇಲೆ ಸಲಾಕೆಯ ದಪ್ಪ. ಪೆನ್ ಕಿಟ್ ಮಾರುವವರು ‘ಎ’ ಮತ್ತು ‘ಬಿ’ ಎಂದು ಎರಡು ಅಳತೆ ಹೇಳುತ್ತಾರೆ. ‘ಎ’ ಸುಮಾರು 6.2 ಮಿ.ಮೀ., ‘ಬಿ’ ಸುಮಾರು 7.5 ಮಿ.ಮೀ. ದಪ್ಪನೆಯದು ಗಟ್ಟಿ ಎಂದು ‘ಬಿ’ ತರಿಸಿಕೊಂಡರೆ 7 ಮಿ.ಮೀ. ಕೊಳವೆಯೊಳಗೆ ಅದು ಹೋಗುವುದೇ ಇಲ್ಲ. ದೊಡ್ಡ ಪೆನ್ನುಗಳ ಬುಷ್‌ಗಳೂ ಬಹುತೇಕ ‘ಎ’ ಸಲಾಕೆಗೇ ಕೂರುತ್ತವೆ. ಆದ್ದರಿಂದ ಮೊದಲ ಮ್ಯಾಂಡ್ರೆಲ್ ‘ಎ’ ಆಗಿರಲಿ. ಟೇಪರಿಗೇ ಬೆಸೆದುಕೊಂಡ ಸಲಾಕೆ ಬೇಡ. ಸಲಾಕೆಯನ್ನು ಕಚ್ಚಿ ಹಿಡಿಯುವ ಕಾಲೆಟ್ ಇದ್ದು, ಅದನ್ನು ಒಳಕ್ಕೆ ಹೊರಕ್ಕೆ ಸರಿಸಬಹುದಾದದ್ದನ್ನೇ ಕೊಳ್ಳಿ. ಒಂದೊಂದೇ ತುಂಡನ್ನು ಕಡೆಯುವಾಗ ಉದ್ದ ಕಡಿಮೆ ಮಾಡಿಕೊಳ್ಳಬಹುದು. ಸಲಾಕೆ ಗಿಡ್ಡವಾದಷ್ಟೂ ಬಾಗುವುದು ಕಡಿಮೆ. ಬಾಗಿಯೇ ಹೋದರೆ ಸಲಾಕೆ ಮಾತ್ರ ಬದಲಿಸಿದರೆ ಸಾಕು.

ಇನ್ನು ಬಿಗಿಯುವ ಮಾತು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನವಿಲ್ಲ. ಸಲಾಕೆಯ ಮೇಲೆ ಎರಡು ಕಡೆಯಿಂದ ಒತ್ತಡ ಬೀಳುತ್ತದೆ. ಒಂದು ನಟ್ಟಿನದು. ಮರದ ತುಂಡಿನ ತುದಿ ಕೊಳವೆಗೆ ಸರಿಯಾಗಿ ಅಡ್ಡಡ್ಡ, ಮೂಲೆಮಟ್ಟಕ್ಕೆ ಇಲ್ಲದಿದ್ದರೆ, ನಟ್ ತಿರುಗಿಸಿದಂತೆಲ್ಲ ಬುಷ್ ಓರೆಯಾಗಿ ಒತ್ತಿ ಸಲಾಕೆಯನ್ನು ಪಕ್ಕಕ್ಕೆಳೆಯುತ್ತದೆ. ಇನ್ನೊಂದು ಟೇಲ್‌ಸ್ಟಾಕಿನದು. ಅದರ ಚಕ್ರ ತಿರುಗಿಸಿ ಜೋರಾಗಿ ಒತ್ತಿದರೆ ಸಲಾಕೆ ನಡುವಿನಲ್ಲಿ ಬಿಲ್ಲಿನಂತೆ ಬಾಗುತ್ತದೆ. ಕಣ್ಣಿಗೆ ಕಾಣುವಷ್ಟು ಬಾಗಬೇಕಾಗಿಯೂ ಇಲ್ಲ, ಕೂದಲೆಳೆಯಷ್ಟು ಸಾಕು.

ನನ್ನ ಮೊದಲ ಹತ್ತು ಹನ್ನೆರಡು ಪೆನ್ನುಗಳು ಹೀಗೇ ಹಾಳಾದವು. ಉಳಿ ತಾಗಿದಾಗ ಮರ ಸಲಾಕೆಯ ಮೇಲೆ ಜಾರುತ್ತಿತ್ತು, ನಾನು ಇಕ್ಕಳ ಹಿಡಿದು ನಟ್ ಬಿಗಿಯುತ್ತಿದ್ದೆ. ಅದರಲ್ಲಿ ಒಂದು, ಅಪ್ಪನಿಗೆಂದು ಒಳ್ಳೆಯ ಬೀಟೆಯಲ್ಲಿ ಮಾಡಿದ್ದು. ಬೀಟೆ ಮತ್ತೆ ಸಿಗಬಹುದು, ಅಪ್ಪ ಆ ಪೆನ್ನಿನ ಏಣನ್ನು ಬೆರಳಲ್ಲಿ ಸವರಿ ಏನೂ ಹೇಳದೆ ಜೇಬಿಗಿಟ್ಟುಕೊಂಡದ್ದು ಇವತ್ತಿಗೂ ಕಣ್ಣಮುಂದಿದೆ. ಮರ ಜಾರುತ್ತಿದ್ದದ್ದು ನಟ್ ಸಡಿಲವಿದ್ದುದಕ್ಕಲ್ಲ, ಉಳಿ ಮೊಂಡಾಗಿದ್ದಕ್ಕೆ. ಜಾರಿದರೆ ಉಳಿ ಮಸೆಯಿರಿ, ನಟ್ಟಿಗೆ ಬೆರಳಿನ ಬಿಗಿ ಸಾಕು. ಇಕ್ಕಳವನ್ನು ಲೇತಿನ ಮೇಜಿನ ಮೇಲೆ ಇಟ್ಟುಕೊಳ್ಳಲೇಬೇಡಿ.

ಟೇಲ್‌ಸ್ಟಾಕಿಗೆ ಒಂದು ಸುಲಭ ಅಂದಾಜಿದೆ. ಲೇತನ್ನು ಅತಿ ನಿಧಾನಕ್ಕಿಟ್ಟು, ಟೇಲ್‌ಸ್ಟಾಕಿನ ಮೊನೆಯನ್ನು, ಅಂದರೆ ಸೆಂಟರನ್ನು, ಸ್ವಲ್ಪಸ್ವಲ್ಪವೇ ಮುಂದೆ ತಳ್ಳಿ. ಸಲಾಕೆಯ ಜೊತೆ ಅದೂ ತಿರುಗಲು ಶುರುಮಾಡಿದ ಕ್ಷಣವೇ ನಿಲ್ಲಿಸಿ, ಲಾಕ್ ಮಾಡಿ.

ಆ ಸೆಂಟರಿನ ತುದಿ 60 ಡಿಗ್ರಿಯದೇ ಆಗಿರಬೇಕು. ಸಲಾಕೆಯ ತುದಿಯ ಕುಳಿ ಆ ಕೋನಕ್ಕೇ ಇರುತ್ತದೆ. ಮರಗೆಲಸದ ಲೇತಿನ ಜೊತೆ ಬರುವ ಬಟ್ಟಲು ಬಾಯಿಯ ಸೆಂಟರಿಗೆ ಅದನ್ನು ಆನಿಸಿದರೆ ಅಂಚಿನಲ್ಲಷ್ಟೇ ತಾಗಿ, ಕುಳಿಯನ್ನೇ ತಿಂದುಹಾಕುತ್ತದೆ. ಲೋಹ ಕಡೆಯುವವರ ‘ರಿವಾಲ್ವಿಂಗ್ ಸೆಂಟರ್’ 60 ಡಿಗ್ರಿಯದೇ. ಯಂತ್ರದ ಬಿಡಿಭಾಗ ಮಾರುವ ಅಂಗಡಿಯಲ್ಲಿ ಟೇಪರ್ ಸಂಖ್ಯೆ ಹೇಳಿ ಕೇಳಿ. ಐಟಿಐ ಟರ್ನರ್ ಓದಿದವರು ಯಾರಾದರೂ ಪರಿಚಯವಿದ್ದರೆ ಕರೆದುಕೊಂಡು ಹೋಗಿ.

ದುಡ್ಡು ಉಳಿದರೆ ಎರಡನೇ ಸಲಾಕೆಯ ಬದಲು ‘ಮ್ಯಾಂಡ್ರೆಲ್ ಸೇವರ್’ ತೆಗೆದುಕೊಳ್ಳಿ. ಇದು ನಡುವೆ ಟೊಳ್ಳಾದ ಸೆಂಟರ್. ಸಲಾಕೆಯ ತುದಿ ಅದರೊಳಕ್ಕೆ ಹೊಕ್ಕು ನಿಲ್ಲುತ್ತದೆ, ಒತ್ತಡವೆಲ್ಲ ಬುಷ್ ಮೇಲೆ ಬೀಳುತ್ತದೆ, ನಟ್ ಬೇಕಾಗುವುದೇ ಇಲ್ಲ. ಹೊಸಬರಿಗೆ ನಾನು ಹೇಳುವುದು ಇದನ್ನೇ. ಕೈ ಪಳಗಿದ ಮೇಲೆ ಸಲಾಕೆಯನ್ನೇ ಬಿಟ್ಟು, ಎರಡು ಸೆಂಟರುಗಳ ನಡುವೆ ಬುಷ್ ಕೊಟ್ಟು ಕಡೆಯಬಹುದು. ಅದಕ್ಕೆ ಬಾಯಲ್ಲಿ 60 ಡಿಗ್ರಿ ಇಳಿಜಾರಿರುವ ಬುಷ್‌ಗಳೇ ಬೇಕು.

ಇರುವ ಸಲಾಕೆ ನೆಟ್ಟಗಿದೆಯೇ? ಬಿಚ್ಚಿ ಕನ್ನಡಿಯ ಮೇಲೆ ಉರುಳಿಸಿ. ಅಡಿಯಲ್ಲಿ ಬೆಳಕಿನ ಗೆರೆ ಬಂದು ಹೋಗುತ್ತಿದ್ದರೆ ಬಾಗಿದೆ. ಸುತ್ತಿಗೆಯಲ್ಲಿ ನೆಟ್ಟಗೆ ಮಾಡಲು ಹೋಗಬೇಡಿ, ಬದಲಿಸಿ. ಡಯಲ್ ಗೇಜ್ ಇದ್ದವರು ಲೇತಿನಲ್ಲೇ ನೋಡಬಹುದು, ಮುಳ್ಳು 0.05 ಮಿ.ಮೀ.ಗಿಂತ ಹೆಚ್ಚು ಆಡಿದರೆ ನಾನು ಆ ಸಲಾಕೆ ಬಳಸುವುದಿಲ್ಲ.

ಉಳಿದದ್ದು ಜಾಗವಿದ್ದಷ್ಟು. ತುಂಡಿನ ತುದಿಗಳನ್ನು ಬ್ಯಾರೆಲ್ ಟ್ರಿಮ್ಮರಿನಲ್ಲಿ ಹಿತ್ತಾಳೆ ಹೊಳೆಯುವವರೆಗೆ ಮಟ್ಟ ಮಾಡದೆ ಪೋಣಿಸಬೇಡಿ. ಉಪ್ಪುಕಾಗದ ಉಜ್ಜುತ್ತಾ ಹೋದಂತೆ ಉಕ್ಕಿನ ಬುಷ್ ಸವೆಯುತ್ತದೆ, ಹಾಲೆಯಂಥ ಬಿಳಿ ಮರಕ್ಕೆ ಅದರ ಕಪ್ಪು ಹಿಡಿದರೆ ಹೋಗುವುದಿಲ್ಲ. ಹಾಗಾಗಿ ಕೊನೆಯ ಅಳತೆಗೆ ಬುಷ್ ನಂಬದೆ ಕಿಟ್ಟಿನ ಲೋಹದ ಭಾಗವನ್ನೇ ವರ್ನಿಯರಿನಲ್ಲಿ ಹಿಡಿಯಿರಿ. ಟೇಲ್‌ಸ್ಟಾಕ್ ಆಸರೆ ಇಲ್ಲದೆ ಲೇತ್ ಚಾಲೂ ಮಾಡಬೇಡಿ, ಟೇಪರ್ ಕಳಚಿ ಮೈಮೇಲೆ ಬರುತ್ತದೆ. ಕೆಲಸ ಮುಗಿದ ಮೇಲೆ ಸಲಾಕೆ ಒರೆಸಿ, ಎಣ್ಣೆ ಸವರಿ, ಮೊಳೆಗೆ ನೇತುಹಾಕಿ.