ವಸಂತಾರಂಭದಲ್ಲಿ ಬಾಸ್ ಮೀನಿನ ಬೇಟೆ

ಗಾಳ ಹಾಕುವವನಿಗೆ ತಾಳ್ಮೆಯೊಂದಿದ್ದರೆ ಸಾಕು ಎಂದು ಹೇಳುವುದುಂಟು. ತಾಳ್ಮೆ ಬೇಕು, ನಿಜ. ಆದರೆ ಮೀನೇ ಇಲ್ಲದ ನೀರಿನಲ್ಲಿ ಗಾಳ ಬಿಟ್ಟು ಸಂಜೆಯವರೆಗೆ ಕುಳಿತರೆ ಅದನ್ನು ತಾಳ್ಮೆ ಎನ್ನಲಾಗದು. ಮೀನು ಯಾವಾಗ ಎಲ್ಲಿರುತ್ತದೆ, ಅಲ್ಲಿಗೆ ಏಕೆ ಬರುತ್ತದೆ ಎಂಬುದನ್ನು ಅರಿಯುವುದೂ ಒಂದು ವಿದ್ಯೆಯೇ. ನಮ್ಮ ವಾಚಕರಲ್ಲಿ ಕರಾವಳಿಯಿಂದಲೂ ಮಲೆನಾಡಿನಿಂದಲೂ ಬಂದವರು ಅನೇಕರಿದ್ದಾರೆ. ಅವರಿಗೆ ಈ ಮಾತು ಹೊಸದಲ್ಲ. ಉತ್ತರ ಅಮೆರಿಕದ ಸರೋವರಗಳಲ್ಲಿ ಚಳಿಗಾಲ ಮುಗಿಯುತ್ತಲೇ ನಡೆಯುವ ಬಾಸ್ ಮೀನಿನ ಬೇಟೆಯನ್ನು ಈ ವಿದ್ಯೆಗೆ ಒಂದು ಉದಾಹರಣೆಯಾಗಿ ಈ ಪಾಠದಲ್ಲಿ ನೋಡೋಣ.

ಮೀನಿನ ಪರಿಚಯ

ಬಾಸ್ ಎಂಬ ಹೆಸರಿನ ಮೀನುಗಳು ಹಲವು. ನಾವಿಲ್ಲಿ ಹೇಳುತ್ತಿರುವುದು ಸಿಹಿನೀರಿನಲ್ಲಿ ಬಾಳುವ ದೊಡ್ಡಬಾಯಿಯ ಬಾಸ್ ಮೀನನ್ನು. ಇದರದು ಹಸಿರು ಮೈ. ಪಕ್ಕೆಯ ಉದ್ದಕ್ಕೂ ಕಪ್ಪು ಪಟ್ಟೆ. ಬಾಯಿ ಕಣ್ಣಿನ ಹಿಂದಿನವರೆಗೂ ಸೀಳಿಕೊಂಡಿರುತ್ತದೆ. ಸಣ್ಣ ಮೀನು, ಕಪ್ಪೆ, ಸಿಗಡಿಯನ್ನು ಹೋಲುವ ಕ್ರೇಫಿಶ್ ಇವೇ ಇದರ ಆಹಾರ. ಸಾಮಾನ್ಯವಾಗಿ ಗಾಳಕ್ಕೆ ಬೀಳುವುವು ಅರ್ಧ ಕಿಲೋದಿಂದ ಎರಡು ಕಿಲೋ ತೂಗುವಂಥವು. 1932ರಲ್ಲಿ ಜಾರ್ಜ್ ಪೆರಿ ಎಂಬವರು ಜಾರ್ಜಿಯಾ ಸಂಸ್ಥಾನದಲ್ಲಿ ಹಿಡಿದ ಮೀನು 22 ಪೌಂಡು 4 ಔನ್ಸು, ಎಂದರೆ ಸುಮಾರು 10 ಕಿಲೋ ತೂಗಿತು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಎಂಬವರು ಅದಕ್ಕೆ ಸರಿಸಮವಾದ ಮೀನನ್ನು ಹಿಡಿದು ದಾಖಲೆಯಲ್ಲಿ ಪಾಲುದಾರರಾದರು.

ನೀರಿನ ವಿಚಿತ್ರ ಗುಣ

ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ ನಗರದ ಅಂಚಿನಲ್ಲಿ ಮೆಂಡೋಟಾ ಎಂಬ ಸರೋವರವಿದೆ. ಅದರ ವಿಸ್ತಾರ ಸುಮಾರು 40 ಚದರ ಕಿಲೋಮೀಟರು, ಅತಿ ಹೆಚ್ಚಿನ ಆಳ ಸುಮಾರು 25 ಮೀಟರು. ಈ ಸರೋವರ ಯಾವಾಗ ಹೆಪ್ಪುಗಟ್ಟುತ್ತದೆ, ಯಾವಾಗ ಕರಗುತ್ತದೆ ಎಂಬುದನ್ನು ಅಲ್ಲಿಯವರು 1850ರ ದಶಕದಿಂದಲೂ ಬರೆದಿಡುತ್ತ ಬಂದಿದ್ದಾರೆ. ಎಡ್ವರ್ಡ್ ಬರ್ಜ್ ಮತ್ತು ಚಾನ್ಸಿ ಜೂಡೇ ಎಂಬ ವಿಜ್ಞಾನಿಗಳು ಇದರ ನೀರಿಗೆ ಉಷ್ಣಮಾಪಕವನ್ನು ಇಳಿಸಿ, ಆಳ ಆಳದ ಉಷ್ಣತೆಯನ್ನು ಅಳೆದು, ಅಮೆರಿಕದಲ್ಲಿ ಸರೋವರ ವಿಜ್ಞಾನಕ್ಕೆ ತಳಹದಿ ಹಾಕಿದರು.

ನೀರು ತಣಿದಷ್ಟೂ ಭಾರವಾಗುತ್ತದೆ. ಆದರೆ 4 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ಅದಕ್ಕಿಂತ ತಣಿದರೆ ಮತ್ತೆ ಹಗುರವಾಗುತ್ತದೆ. ಆದಕಾರಣ ಮಂಜುಗಡ್ಡೆ ಮೇಲೆ ತೇಲುತ್ತದೆ. ತಳದಲ್ಲಿ ಸುಮಾರು 4 ಡಿಗ್ರಿಯ ನೀರು ಉಳಿಯುತ್ತದೆ. ಇಲ್ಲಿಯೇ ಬಾಸ್ ಮೀನು ಚಳಿಗಾಲವನ್ನು ಕಳೆಯುವುದು. ಮೀನಿನ ಮೈಗೆ ತನ್ನದೇ ಬಿಸಿಯಿಲ್ಲ. ಸುತ್ತಲಿನ ನೀರು ಹೇಗೋ ಅದರ ಮೈಯೂ ಹಾಗೆಯೇ. ತಣ್ಣೀರಿನಲ್ಲಿ ಹಸಿವೆ ಕಡಿಮೆ, ಚಲನೆ ಕಡಿಮೆ, ತಿಂದದ್ದು ಕರಗುವುದೂ ನಿಧಾನ.

ಮೆಂಡೋಟಾದ ಮಂಜುಗಡ್ಡೆ ಸಾಮಾನ್ಯವಾಗಿ ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ ಒಡೆಯುತ್ತದೆ. ಆಗ ಮೇಲಿನ ನೀರು ಬಿಸಿಲಿಗೆ 4 ಡಿಗ್ರಿಗೆ ಏರಿ, ಭಾರವಾಗಿ, ಕೆಳಗಿಳಿಯುತ್ತದೆ. ಗಾಳಿ ಬೀಸಿ ಇಡೀ ಸರೋವರವನ್ನು ಕಲಕುತ್ತದೆ. ಪ್ರಾಣವಾಯು ತಳದವರೆಗೂ ಮುಟ್ಟುತ್ತದೆ. ಅನಂತರ ಬೆಚ್ಚಗಾಗುವ ನೀರು ಹಗುರವಾದ್ದರಿಂದ ಮೇಲೆಯೇ ನಿಲ್ಲುತ್ತದೆ. ಇಲ್ಲಿಂದ ಗಾಳದವನ ಕೆಲಸ ಆರಂಭ.

ಎಲ್ಲಿ, ಯಾವಾಗ?

ದೊಡ್ಡ ಪಾತ್ರೆಯ ನೀರಿಗಿಂತ ತಟ್ಟೆಯ ನೀರು ಬೇಗ ಕಾಯುತ್ತದೆ. ಹಾಗೆಯೇ ಸರೋವರದ ಆಳವಿಲ್ಲದ ಮೂಲೆಗಳು ಮೊದಲು ಬೆಚ್ಚಗಾಗುತ್ತವೆ. ಅವುಗಳಲ್ಲಿಯೂ ಉತ್ತರ ದಡದವು ಮೇಲು. ಏಕೆಂದರೆ ಆ ದೇಶದಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿಯೇ ಸಾಗುವುದರಿಂದ ಉತ್ತರದ ದಡ ಬಿಸಿಲಿಗೆ ಮುಖಮಾಡಿರುತ್ತದೆ. ಉತ್ತರದ ಚಳಿಗಾಳಿಗೆ ಅದೇ ಮರೆಯೂ ಆಗುತ್ತದೆ. ತಳದಲ್ಲಿ ಕಪ್ಪು ಕೆಸರಿದ್ದರೆ ಬಿಸಿಲನ್ನು ಹೀರಿ ಇನ್ನೂ ಬೇಗ ಕಾಯುತ್ತದೆ. ಎರಡು ಮೂರು ದಿನ ಎಡೆಬಿಡದೆ ಬಿಸಿಲು ಬಿದ್ದರೆ ಇಂಥ ಮೂಲೆಗೆ ಮೊದಲು ಸಣ್ಣ ಮೀನುಗಳೂ ಅವುಗಳ ಬೆನ್ನಿಗೆ ಬಾಸ್ ಮೀನುಗಳೂ ಬರುತ್ತವೆ. ಮತ್ತೆ ಚಳಿಗಾಳಿ ಬೀಸಿದರೆ ಪಕ್ಕದ ಆಳಕ್ಕೆ ಹಿಂದಿರುಗುತ್ತವೆ. ಆದ್ದರಿಂದ ಆಳಕ್ಕೆ ಸಮೀಪದಲ್ಲಿರುವ ತೆಳುನೀರೇ ಉತ್ತಮ ಸ್ಥಳ.

ನಮ್ಮಲ್ಲಿ ಗಾಳ ಹಾಕಲು ನಸುಕಿನಲ್ಲಿ ಹೊರಡುವುದು ರೂಢಿ. ಅಲ್ಲಿ ವಸಂತದ ಆರಂಭದಲ್ಲಿ ಈ ರೂಢಿ ಫಲಿಸುವುದು ಅಪರೂಪ. ರಾತ್ರಿ ತಣಿದ ನೀರು ಕಾಯಲು ಮಧ್ಯಾಹ್ನವಾಗಬೇಕು; ಒಂದು ಡಿಗ್ರಿ ಏರಿದರೂ ಮೀನು ಚುರುಕಾಗುತ್ತದೆ.

ನೀರು 10 ಡಿಗ್ರಿಗಿಂತ ಕೆಳಗಿರುವಾಗ ಎರೆಯನ್ನು ಬಹಳ ನಿಧಾನವಾಗಿ ಎಳೆಯಬೇಕು. ಮರದಿಂದಲೋ ಪ್ಲಾಸ್ಟಿಕ್ಕಿನಿಂದಲೋ ಮಾಡಿದ ಹುಸಿ ಮೀನನ್ನು ಒಮ್ಮೆ ಜಗ್ಗಿ, ಕೆಲವು ಕ್ಷಣ ಹಾಗೆಯೇ ನಿಲ್ಲಿಸಿ, ಮತ್ತೆ ಜಗ್ಗುತ್ತಾರೆ. ಎಷ್ಟೋ ಸಲ ಮೀನು ಕಚ್ಚುವುದು ಅದು ನಿಂತಾಗಲೇ. ಸೀಸದ ತೂಕ ಕಟ್ಟಿದ ಕೊಕ್ಕೆಯನ್ನು ಕ್ರೇಫಿಶ್ಶಿನಂತೆ ತಳದಲ್ಲಿ ತೆವಳಿಸುವುದೂ ಉಂಟು. ನೀರು 10 ಡಿಗ್ರಿ ದಾಟಿದ ಮೇಲೆ ಸ್ವಲ್ಪ ವೇಗವಾಗಿ ಎಳೆಯಬಹುದು.

ನಿಲ್ಲಿಸಬೇಕಾದ ಗಡಿ

ಇಲ್ಲಿಗೆ ಪಾಠದ ಅರ್ಧ ಮುಗಿಯಿತು. ಉಳಿದರ್ಧವೇ ಮುಖ್ಯ. ಬಾಸ್ ಮೀನು ದಡಕ್ಕೆ ಬರುವುದು ಹೊಟ್ಟೆಪಾಡಿಗೆ ಮಾತ್ರವಲ್ಲ, ಸಂತಾನಕ್ಕಾಗಿ. ನೀರು ಸುಮಾರು 15 ಡಿಗ್ರಿ ದಾಟಿದಾಗ ಗಂಡು ಮೀನು ಕೆಲವೇ ಅಡಿ ಆಳದ ನೀರಿನಲ್ಲಿ ಬಾಲದಿಂದ ತಳವನ್ನು ಗುಡಿಸಿ, ತಟ್ಟೆಯಂಥ ಗೂಡು ಮಾಡುತ್ತದೆ. ಹೆಣ್ಣು ಅದರಲ್ಲಿ ಸಾವಿರಾರು ಮೊಟ್ಟೆಗಳನ್ನಿಟ್ಟು ಹೊರಟುಹೋಗುತ್ತದೆ. ಅಂದಿನಿಂದ ಕಾವಲು ಗಂಡಿನದು. ಬಾಲ ಬೀಸಿ ಮೊಟ್ಟೆಗಳಿಗೆ ಹೊಸ ನೀರು ಹಾಯಿಸುವುದು, ಹತ್ತಿರ ಸುಳಿದವರನ್ನೆಲ್ಲ ಅಟ್ಟುವುದು, ಮೊಟ್ಟೆಯೊಡೆದ ಮೇಲೆಯೂ ಮರಿಗಳ ಹಿಂಡನ್ನು ಕಾಯುವುದು, ಇಷ್ಟನ್ನೂ ಅದು ಸರಿಯಾದ ಆಹಾರವಿಲ್ಲದೆ ನಡೆಸುತ್ತದೆ.

ಇಂಥ ಮೀನು ಗಾಳಕ್ಕೆ ಸುಲಭವಾಗಿ ಬೀಳುತ್ತದೆ. ಎರೆಯನ್ನು ಅದು ಕಚ್ಚುವುದು ಹಸಿವೆಯಿಂದಲ್ಲ, ಗೂಡನ್ನು ಕಾಯಲೆಂದು. ಅದನ್ನೆತ್ತಿದ ಕೆಲವೇ ನಿಮಿಷಗಳಲ್ಲಿ ಬ್ಲೂಗಿಲ್ ಮೊದಲಾದ ಸಣ್ಣ ಮೀನುಗಳು ನುಗ್ಗಿ ಮೊಟ್ಟೆಗಳನ್ನು ಮುಕ್ಕುತ್ತವೆ. ಹಿಡಿದವನು ಕನಿಕರಪಟ್ಟು ಮೀನನ್ನು ನೀರಿಗೆ ಬಿಟ್ಟರೂ, ತಡವಾಗಿದ್ದರೆ ಅದು ಬರಿದಾದ ಗೂಡನ್ನು ತೊರೆದು ಹೋಗುವುದುಂಟು. ಕೊಕ್ಕೆಗೆ ಸಿಕ್ಕಿದ್ದು ಒಂದು ಮೀನು. ಅಳಿದದ್ದು ಒಂದು ಸಂಸಾರ. ಈ ಕಾರಣದಿಂದಲೇ ಅಮೆರಿಕದ ಕೆಲವು ಉತ್ತರ ಸಂಸ್ಥಾನಗಳಲ್ಲಿ ವಸಂತದಲ್ಲಿ ಬಾಸ್ ಮೀನನ್ನು ಮನೆಗೆ ಒಯ್ಯುವಂತಿಲ್ಲ. ಕೆನಡಾದ ದಕ್ಷಿಣ ಒಂಟಾರಿಯೋದ ಹಲವು ವಲಯಗಳಲ್ಲಿ ಜೂನ್ ನಡುಭಾಗದವರೆಗೆ ಅದರ ಬೇಟೆಗೇ ಅವಕಾಶವಿಲ್ಲ.

ನಮ್ಮ ನಾಡಿನಲ್ಲಿ ಈ ಸುದ್ದಿಯನ್ನು ತರುವುದು ಬಿಸಿಲಲ್ಲ, ಮಳೆ. ಮೊದಲ ಮಳೆಗೆ ಹೊಳೆಯ ಮೀನು ತೊರೆಯನ್ನೇರಿ ಗದ್ದೆಗೆ ಬರುವುದನ್ನು ಮಲೆನಾಡಿನವರು ‘ಹತ್ತುಮೀನು’ ಎನ್ನುತ್ತಾರೆ. ದೀಪ ಹಿಡಿದು, ಕತ್ತಿ ಹಿಡಿದು ಅದನ್ನು ಹೊಡೆಯಹೋದ ನೆನಪು ನಮ್ಮವರಲ್ಲಿ ಎಷ್ಟೋ ಮಂದಿಗಿದೆ. ಆ ಮೀನೂ ಮೊಟ್ಟೆಯಿಡಲು ಬಂದದ್ದೇ. ಕರ್ನಾಟಕದ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳನ್ನು ಕಡಲಿಗಿಳಿಸಬಾರದೆಂಬ ಕಟ್ಟಳೆಯ ಹಿಂದೆಯೂ ಇದೇ ವಿಚಾರವಿದೆ.

ಮೀನು ಎಲ್ಲಿದೆಯೆಂದು ತೋರಿಸಿಕೊಡುವ ಉಷ್ಣಮಾಪಕವೇ ಅದನ್ನು ಯಾವಾಗ ಬಿಟ್ಟುಬಿಡಬೇಕೆಂಬುದನ್ನೂ ಹೇಳುತ್ತದೆ. ಮೊದಲನೆಯದನ್ನಷ್ಟೇ ಕಲಿತವನ ಬುಟ್ಟಿ ಈ ವರ್ಷ ತುಂಬೀತು. ಎರಡನ್ನೂ ಕಲಿತವನ ಮಕ್ಕಳಿಗೂ ಆ ದಡದಲ್ಲಿ ಮೀನು ಸಿಕ್ಕೀತು.

ಮನನಕ್ಕೆ ಮೂರು ಪ್ರಶ್ನೆಗಳು

1. ಮಂಜುಗಡ್ಡೆ ನೀರಿನಲ್ಲಿ ಮುಳುಗುವಂತಿದ್ದರೆ ಸರೋವರದ ಮೀನುಗಳ ಗತಿ ಏನಾಗುತ್ತಿತ್ತು?

2. ವಸಂತದ ಆರಂಭದಲ್ಲಿ ದಕ್ಷಿಣ ದಡಕ್ಕಿಂತ ಉತ್ತರ ದಡದಲ್ಲಿ ಬಾಸ್ ಮೀನು ಮೊದಲು ಸಿಕ್ಕುವುದೇಕೆ?

3. ನಿಮ್ಮ ಊರಿನ ಕೆರೆ ಹೊಳೆಗಳಲ್ಲಿ ಮೀನು ಮೊಟ್ಟೆಯಿಡುವ ಕಾಲ ಯಾವುದು? ಆಗ ಹಿಡಿಯಬಾರದೆಂಬ ಕಟ್ಟುಪಾಡು ಹಿರಿಯರಲ್ಲಿ ಇತ್ತೇ? ತಿಳಿದವರು ವಾಚನಾಲಯದಲ್ಲಿ ಉಳಿದವರಿಗೂ ಹೇಳಬೇಕಾಗಿ ಕೋರುತ್ತೇವೆ.